ಪಾಸ್ಖ ಕಾಲದ ವಾಚನಗಳಲ್ಲಿ ಇಸ್ರಯೇಲಿನ ಧ್ವನಿ

ಪಾಸ್ಖ ಜಾಗರಣೆಯ ರಾತ್ರಿ ಧರ್ಮಸಭೆಯು ಹಳೆಯ ಒಡಂಬಡಿಕೆಯ ಏಳು ವಾಚನಗಳನ್ನು ನಮ್ಮ ಮುಂದಿಡುತ್ತದೆ. ಸೃಷ್ಟಿಯ ವೃತ್ತಾಂತ, ಅಬ್ರಹಾಮನ ಬಲಿ, ಸಮುದ್ರವನ್ನು ದಾಟಿದ ಇಸ್ರಯೇಲರ ಕಥೆ, ಯೆಶಾಯನ ಗ್ರಂಥದ ಎರಡು ಭಾಗಗಳು, ಬಾರೂಕ, ಯೆಜೆಕಿಯೇಲ ಇವೇ ಆ ಏಳು. ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಇವುಗಳ ಸಂಖ್ಯೆಯನ್ನು ತಗ್ಗಿಸಲು ಅನುಮತಿಯುಂಟು. ವಿಮೋಚನಾಕಾಂಡದ ೧೪ನೆಯ ಅಧ್ಯಾಯವನ್ನು ಮಾತ್ರ ಬಿಡುವಂತಿಲ್ಲ. ಬೆಳಗಾದೊಡನೆ ಈ ಧ್ವನಿ ನಿಂತುಹೋಗುತ್ತದೆ. ಪುನರುತ್ಥಾನದ ಭಾನುವಾರದಿಂದ ಪಂಚಾಶತ್ತಮದವರೆಗಿನ ಐವತ್ತು ದಿನಗಳಲ್ಲಿ, ಭಾನುವಾರಗಳಲ್ಲಾಗಲಿ ವಾರದ ದಿನಗಳಲ್ಲಾಗಲಿ, ಮೊದಲ ವಾಚನ ಬರುವುದು ಪ್ರೇಷಿತರ ಕಾರ್ಯಕಲಾಪಗಳಿಂದ. ಭಾನುವಾರಗಳ ಎರಡನೆಯ ವಾಚನ ಎ ವರ್ಷದಲ್ಲಿ ಪೇತ್ರನ ಮೊದಲ ಪತ್ರದಿಂದ, ಬಿ ವರ್ಷದಲ್ಲಿ ಯೊವಾನ್ನನ ಮೊದಲ ಪತ್ರದಿಂದ, ಸಿ ವರ್ಷದಲ್ಲಿ ಪ್ರಕಟನಾ ಗ್ರಂಥದಿಂದ. ಶುಭಸಂದೇಶ ಬಹುಪಾಲು ಯೊವಾನ್ನನದು. ಹಳೆಯ ಒಡಂಬಡಿಕೆಗೆ ಉಳಿಯುವುದು ಕೀರ್ತನೆಯ ಸ್ಥಾನವೊಂದೇ.

ವರ್ಷದ ಉಳಿದ ಭಾನುವಾರಗಳಲ್ಲಿ ನಾವು ಮೊದಲ ವಾಚನಕ್ಕೂ ಶುಭಸಂದೇಶಕ್ಕೂ ಇರುವ ನಂಟನ್ನು ಹುಡುಕಿ ಪ್ರಬೋಧನೆ ಸಿದ್ಧಪಡಿಸುವ ಅಭ್ಯಾಸದವರು. ಪಾಸ್ಖ ಕಾಲದಲ್ಲಿ ಆ ಹುಡುಕಾಟ ಬೇಡವಾಗುತ್ತದೆ. ಆದ್ದರಿಂದ ಹಳೆಯ ಒಡಂಬಡಿಕೆಯ ಗೈರುಹಾಜರಿ ನಮ್ಮ ಗಮನಕ್ಕೆ ಬರುವುದು ವಿರಳ. ಈ ಗೈರುಹಾಜರಿಯ ಅರ್ಥವೇನು, ಅದರಿಂದ ಆಗುವ ಲಾಭನಷ್ಟಗಳೇನು, ಪ್ರಬೋಧಕರಾದ ನಮ್ಮ ಮೇಲೆ ಬೀಳುವ ಹೊಣೆ ಯಾವುದು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಮೊದಲಿಗೆ ವಾಚನಮಾಲೆಯ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡಬೇಕು. ಈ ಪದ್ಧತಿ ೧೯೬೯ರ ವಾಚನಮಾಲೆಯ ಹೊಸ ಕಲ್ಪನೆಯಲ್ಲ. ಪಾಸ್ಖದ ನಂತರ ಪ್ರೇಷಿತರ ಕಾರ್ಯಕಲಾಪಗಳನ್ನು ಓದುವ ರೂಢಿ ಹಿಪ್ಪೋ ನಗರದಲ್ಲಿತ್ತೆಂಬುದಕ್ಕೆ ಸಂತ ಅಗಸ್ಟೀನರೇ ಸಾಕ್ಷಿ. ಬೈಜಾಂಟಿಯನ್ ಸಂಪ್ರದಾಯ ಇಂದಿಗೂ ಈ ಕಾಲದಲ್ಲಿ ಅದೇ ಗ್ರಂಥವನ್ನೂ ಯೊವಾನ್ನನ ಶುಭಸಂದೇಶವನ್ನೂ ಜೊತೆಯಾಗಿ ಓದುತ್ತದೆ. ಸ್ಪೇನಿನಲ್ಲಿ ೬೩೩ರ ನಾಲ್ಕನೆಯ ತೊಲೇದೊ ಸಭೆಯು ಪಾಸ್ಖದಿಂದ ಪಂಚಾಶತ್ತಮದವರೆಗೆ ಪ್ರಕಟನಾ ಗ್ರಂಥವನ್ನು ಓದಲೇಬೇಕೆಂದು ವಿಧಿಸಿತ್ತು. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಅಂತಿಯೋಕ್ಯದಲ್ಲಿ ಪ್ರಬೋಧಿಸುತ್ತಿದ್ದ ಸಂತ ಕ್ರಿಸೊಸ್ತೊಮರು ಈ ರೂಢಿಯ ಬಗ್ಗೆ ಒಂದು ನೇರ ಪ್ರಶ್ನೆ ಎತ್ತಿದರು: ಪ್ರೇಷಿತರ ಅದ್ಭುತಗಳು ನಡೆದದ್ದು ಪಂಚಾಶತ್ತಮದ ನಂತರ, ಹಾಗಿರುವಾಗ ಆ ಗ್ರಂಥವನ್ನು ಪಂಚಾಶತ್ತಮಕ್ಕೆ ಮುಂಚೆಯೇ ಏಕೆ ಓದುತ್ತೇವೆ? ಅವರ ಉತ್ತರದ ಸಾರ ಇಷ್ಟು: ಪ್ರೇಷಿತರ ಕಾರ್ಯಗಳೇ ಪುನರುತ್ಥಾನಕ್ಕೆ ಪುರಾವೆ, ಹಬ್ಬದ ಹಿಂದೆಯೇ ಅದರ ಪುರಾವೆ ಬರಬೇಕು. ಈ ತರ್ಕ ಇಂದಿಗೂ ಗಟ್ಟಿಯಾದದ್ದೇ. ಬರಿದಾದ ಸಮಾಧಿಯನ್ನು ಕುರಿತು ವಾದಿಸುವುದಕ್ಕಿಂತ, ಓಡಿಹೋಗಿದ್ದ ಪೇತ್ರನು ಜೆರುಸಲೇಮಿನ ಜನರೆದುರು ಎದ್ದು ನಿಂತದ್ದನ್ನು ತೋರಿಸುವುದು ಹೆಚ್ಚು ಫಲಕಾರಿ.

ಆದರೆ ಇದೇ ಕ್ರಿಸೊಸ್ತೊಮರು ಇದೇ ಅಂತಿಯೋಕ್ಯದಲ್ಲಿ ೩೮೬-೩೮೭ರ ಅವಧಿಯಲ್ಲಿ, ಯೆಹೂದ್ಯರ ಹಬ್ಬಗಳಿಗೆ ಹೋಗುತ್ತಿದ್ದ ಕ್ರೈಸ್ತರನ್ನು ತಡೆಯಲೆಂದು ಎಂಟು ಉಪನ್ಯಾಸಗಳನ್ನು ಮಾಡಿದರು. ಅವುಗಳಲ್ಲಿ ಯೆಹೂದ್ಯರನ್ನೂ ಅವರ ಪ್ರಾರ್ಥನಾಮಂದಿರವನ್ನೂ ಕುರಿತು ಬಳಸಿದ ಭಾಷೆ ಮುಂದಿನ ಶತಮಾನಗಳಲ್ಲಿ ದ್ವೇಷಕ್ಕೆ ಇಂಧನವಾಯಿತು. ಪುನರುತ್ಥಾನದ ಸಾಕ್ಷ್ಯವನ್ನು ಅಷ್ಟು ಸೊಗಸಾಗಿ ವಿವರಿಸಿದ ಬಾಯಿಯೇ ಇದನ್ನೂ ಆಡಿತು. ಆದ್ದರಿಂದ ವಾಚನಗಳ ಆಯ್ಕೆಯನ್ನು ಹೊಗಳಿ ಸುಮ್ಮನಾಗುವಂತಿಲ್ಲ; ಆಯ್ದ ಭಾಗ ಎಲ್ಲಿಂದ ಆರಂಭವಾಗುತ್ತದೆ, ಎಲ್ಲಿ ಮುಗಿಯುತ್ತದೆ, ನಡುವೆ ಯಾವ ವಚನಗಳು ಬಿಟ್ಟುಹೋಗಿವೆ ಎಂಬುದನ್ನೂ ನೋಡಬೇಕು.

ಸಿ ವರ್ಷದ ನಾಲ್ಕನೆಯ ಭಾನುವಾರವನ್ನು ತೆಗೆದುಕೊಳ್ಳೋಣ. ನಾವು 'ಒಳ್ಳೆಯ ಕುರಿಗಾಹಿಯ ಭಾನುವಾರ' ಎಂದು ಕರೆಯುವ, ದೈವಕರೆಗಾಗಿ ಪ್ರಾರ್ಥಿಸುವ ದಿನ ಅದು. ಮೊದಲ ವಾಚನ ಪ್ರೇಷಿತರ ಕಾರ್ಯಕಲಾಪಗಳ ೧೩ನೆಯ ಅಧ್ಯಾಯದ ೧೪ನೆಯ ವಚನ, ಮತ್ತು ೪೩ರಿಂದ ೫೨. ಪೌಲ ಬಾರ್ನಬರು ಪಿಸಿದಿಯದ ಅಂತಿಯೋಕ್ಯಕ್ಕೆ ಬಂದು ಸಬ್ಬತ್ ದಿನ ಪ್ರಾರ್ಥನಾಮಂದಿರದಲ್ಲಿ ಕುಳಿತರು ಎನ್ನುವುದು ೧೪ನೆಯ ವಚನ. ಮರುಕ್ಷಣವೇ ನಾವು ೪೩ಕ್ಕೆ ಹಾರುತ್ತೇವೆ: ಸಭೆ ಮುಗಿದಿದೆ, ಅನೇಕ ಯೆಹೂದ್ಯರೂ ಭಕ್ತಿವಂತರಾದ ಮತಾಂತರಿತರೂ ಪೌಲ ಬಾರ್ನಬರನ್ನು ಹಿಂಬಾಲಿಸುತ್ತಾರೆ. ಮುಂದಿನ ಸಬ್ಬತ್ ದಿನ ಊರಿಗೆ ಊರೇ ನೆರೆಯುತ್ತದೆ, ಅದನ್ನು ಕಂಡ ಯೆಹೂದ್ಯರಲ್ಲಿ ಮತ್ಸರ ತುಂಬುತ್ತದೆ, ಪ್ರೇಷಿತರು ಅನ್ಯಜನರ ಕಡೆಗೆ ತಿರುಗುತ್ತೇವೆಂದು ಸಾರುತ್ತಾರೆ, ಹಿಂಸೆ ಏಳುತ್ತದೆ, ಕಾಲಿನ ಧೂಳನ್ನು ಝಾಡಿಸಿ ಅವರು ಹೊರಟುಬಿಡುತ್ತಾರೆ.

ನಡುವೆ ಬಿಟ್ಟುಹೋದುದು ೨೮ ವಚನಗಳು. ಅವುಗಳಲ್ಲಿ ಬಹುಭಾಗ ಪೌಲನ ಪ್ರಬೋಧನೆ. ಈ ಗ್ರಂಥದಲ್ಲಿ ಪೌಲನು ಪ್ರಾರ್ಥನಾಮಂದಿರದಲ್ಲಿ ಮಾಡಿದ ವಿಸ್ತಾರವಾದ ಪ್ರಬೋಧನೆ ಇದೊಂದೇ. ದೇವರು ನಮ್ಮ ಪೂರ್ವಜರನ್ನು ಆರಿಸಿಕೊಂಡದ್ದು, ಈಜಿಪ್ಟಿನಿಂದ ಹೊರತಂದದ್ದು, ನಲವತ್ತು ವರ್ಷ ಅಡವಿಯಲ್ಲಿ ಸಹಿಸಿಕೊಂಡದ್ದು, ನಾಡನ್ನು ಕೊಟ್ಟದ್ದು, ನ್ಯಾಯಸ್ಥಾಪಕರು, ಸಮುವೇಲ, ಸೌಲ, ದಾವೀದ, ದಾವೀದನ ಸಂತಾನದಿಂದ ಯೇಸು ಎಂದು ಪೌಲನು ಕಥೆಯನ್ನು ಕಟ್ಟುತ್ತಾ ಹೋಗುತ್ತಾನೆ. ಕೇಳುಗರನ್ನು ಅವನು ಕರೆಯುವುದು ಸಹೋದರರೇ ಎಂದು. ಇದೆಲ್ಲವನ್ನು ತೆಗೆದುಹಾಕಿದರೆ ಉಳಿಯುವುದೇನು? ಕಾರಣವೇ ತಿಳಿಯದ ಒಂದು ಜಗಳ. ಪೌಲನು ಏನು ಹೇಳಿದನೆಂದು ಸಭೆಗೆ ಗೊತ್ತಿಲ್ಲ. ಯೆಹೂದ್ಯರು ಸಿಟ್ಟಾದರೆಂಬುದಷ್ಟೇ ಗೊತ್ತು.

ಅದೇ ದಿನದ ಎರಡನೆಯ ವಾಚನ ಪ್ರಕಟನಾ ಗ್ರಂಥದ ಏಳನೆಯ ಅಧ್ಯಾಯದ ಒಂಬತ್ತನೆಯ ವಚನದಿಂದ ಆರಂಭವಾಗುತ್ತದೆ: ಸಕಲ ಜನಾಂಗ, ಕುಲ, ಭಾಷೆಗಳಿಂದ ಬಂದ, ಯಾರಿಂದಲೂ ಎಣಿಸಲಾಗದ ಮಹಾಸಮೂಹ. ಇದಕ್ಕೆ ಮುಂಚಿನ ಐದು ವಚನಗಳಲ್ಲಿರುವುದು ಇಸ್ರಯೇಲಿನ ಹನ್ನೆರಡು ಗೋತ್ರಗಳಿಂದ ಮುದ್ರೆ ಪಡೆದ ೧,೪೪,೦೦೦ ಮಂದಿ. ಈ ಎರಡು ಚಿತ್ರಗಳ ಸಂಬಂಧವೇನೆಂಬುದು ವ್ಯಾಖ್ಯಾನಕಾರರ ಚರ್ಚೆಯ ವಿಷಯ. ಆದರೆ ಯೊವಾನ್ನನು ಮೊದಲು ಎಣಿಕೆಯನ್ನು ಕೇಳಿ, ಆಮೇಲೆ ಎಣಿಸಲಾಗದ್ದನ್ನು ಕಂಡನು ಎಂಬ ಕ್ರಮ ಮುಖ್ಯ. ನಮ್ಮ ಸಭೆ ಎರಡನೆಯದನ್ನು ಮಾತ್ರ ಕೇಳುತ್ತದೆ.

ಶುಭಸಂದೇಶ ಯೊವಾನ್ನ ೧೦:೨೭-೩೦, ನಾಲ್ಕೇ ವಚನಗಳು. ಸಮರ್ಪಣೆಯ ಹಬ್ಬದ ಚಳಿಗಾಲದಲ್ಲಿ, ದೇವಾಲಯದ ಸೊಲೊಮೋನನ ಮಂಟಪದಲ್ಲಿ ಈ ಮಾತು ನಡೆಯಿತೆಂಬುದು ಮೇಲಿನ ವಚನಗಳಲ್ಲಿದೆ, ಅದು ಬಿಟ್ಟುಹೋಗಿದೆ. ಹೀಗೆ ಒಂದೇ ಭಾನುವಾರ ಮೂರೂ ವಾಚನಗಳಿಂದ ಇಸ್ರಯೇಲಿನ ಹಿನ್ನೆಲೆ ಕಳಚಿ ಬಿದ್ದಿದೆ. ಉಳಿದಿರುವುದು ಪ್ರತ್ಯುತ್ತರ ಕೀರ್ತನೆ, ನೂರನೆಯದು. ದೇವರ ಜನರೂ ಆತನು ಮೇಯಿಸುವ ಕುರಿಮಂದೆಯೂ ನಾವೇ ಎಂದು ಇಸ್ರಯೇಲರು ದೇವಾಲಯದ ಬಾಗಿಲಲ್ಲಿ ಹಾಡಿದ ಹಾಡು ಅದು. ಕುರಿಗಾಹಿಯ ಭಾನುವಾರಕ್ಕೆ ಹೆಸರು ಬಂದ ರೂಪಕದ ಬೇರು ಈ ಕೀರ್ತನೆಯಂಥ ಹಾಡುಗಳಲ್ಲಿಯೇ ಇದೆ. ಗಾಯನವೃಂದದವರು ಇದನ್ನು ಬಿಟ್ಟು ಸುಮಾರಾಗಿ ಹೊಂದುವ ಬೇರೊಂದು ಗೀತೆಯನ್ನು ಹಾಡಿದರೆ, ಅಂದು ಇಸ್ರಯೇಲಿಗೆ ಉಳಿದಿದ್ದ ಕೊನೆಯ ಬಾಯಿಯೂ ಮುಚ್ಚಿದಂತೆ.

ಈ ಮಾದರಿ ಒಂದೇ ಭಾನುವಾರಕ್ಕೆ ಸೀಮಿತವಲ್ಲ. ಸಿ ವರ್ಷದ ಏಳನೆಯ ಭಾನುವಾರ ಸ್ತೇಫನನ ಮರಣವನ್ನು ಓದುತ್ತೇವೆ, ೭:೫೫-೬೦. ಅಬ್ರಹಾಮನಿಂದ ಸೊಲೊಮೋನನವರೆಗೆ ಅವನು ಹೇಳಿದ ಸುದೀರ್ಘ ಕಥೆ ವಾಚನದಲ್ಲಿಲ್ಲ, ಕಲ್ಲುಗಳಿವೆ. ಅದೇ ವರ್ಷದ ಆರನೆಯ ಭಾನುವಾರ ಜೆರುಸಲೇಮಿನ ಸಭೆಯ ನಿರ್ಣಯವನ್ನು ಓದುತ್ತೇವೆ. ಆ ನಿರ್ಣಯಕ್ಕೆ ಆಧಾರವಾಗಿ ಯಕೋಬನು ಆಮೋಸನ ಪ್ರವಾದನೆಯನ್ನು ಉದ್ಧರಿಸಿದ ಭಾಗವನ್ನು ಓದುವುದಿಲ್ಲ. ವಾಚನಗಳು ದೀರ್ಘವಾಗಬಾರದೆಂಬ ಪಾಲನಾ ಕಾಳಜಿಯೇ ಇದಕ್ಕೆ ಕಾರಣವೆಂದು ನಾವು ಭಾವಿಸುತ್ತೇವೆ. ಯಾರ ಮೇಲೂ ದುರುದ್ದೇಶವನ್ನು ಹೊರಿಸಬೇಕಾಗಿಲ್ಲ. ವಾರದ ದಿನಗಳ ಪೂಜೆಗೆ ಬರುವವರು ನಾಲ್ಕನೆಯ ವಾರದ ಗುರುವಾರ, ಶುಕ್ರವಾರಗಳಂದು ಪೌಲನ ಪ್ರಬೋಧನೆಯ ಬಹುಭಾಗವನ್ನು ಕೇಳುತ್ತಾರೆ ಎಂಬುದೂ ನಿಜ. ಆದರೆ ಭಾನುವಾರದ ಸಭೆ ಬೇರೆ, ಗುರುವಾರದ ಹತ್ತು ಹನ್ನೆರಡು ಮಂದಿ ಬೇರೆ.

ತಾಳಮದ್ದಳೆಯನ್ನು ಬಲ್ಲವರಿಗೆ ಇಲ್ಲಿ ಒಂದು ಹೋಲಿಕೆ ನೆನಪಾಗಬಹುದು. ಅರ್ಥಧಾರಿಯು ಪಾತ್ರವಾಗಿ ಮಾತಿಗಿಳಿದಾಗ ಮೊದಲು ಪೀಠಿಕೆ ಹಾಕುತ್ತಾನೆ: ತಾನಾರು, ಇದುವರೆಗೆ ಆದದ್ದೇನು, ಈ ಘಳಿಗೆಗೆ ತನ್ನನ್ನು ತಂದು ನಿಲ್ಲಿಸಿದ್ದು ಯಾವುದು. ಪೀಠಿಕೆಯಿಲ್ಲದ ಸಂವಾದ ಅಲ್ಲಿನ ಪ್ರೇಕ್ಷಕರಿಗೆ ರುಚಿಸದು. ಪೇತ್ರ, ಸ್ತೇಫನ, ಪೌಲರ ಭಾಷಣಗಳು ಈ ಗ್ರಂಥದ ಪೀಠಿಕೆಗಳೇ. ಅವನ್ನು ತೆಗೆದು ಹೊಡೆದಾಟವನ್ನಷ್ಟೇ ಉಳಿಸಿಕೊಂಡರೆ ಪ್ರಸಂಗ ಕೆಡುತ್ತದೆ.

ಇಲ್ಲೊಂದು ಐತಿಹಾಸಿಕ ವಿಪರ್ಯಾಸವಿದೆ. ಎರಡನೆಯ ಶತಮಾನದಲ್ಲಿ ಮಾರ್ಸಿಯೋನನು ಹಳೆಯ ಒಡಂಬಡಿಕೆಯನ್ನೂ ಅದರ ದೇವರನ್ನೂ ತಿರಸ್ಕರಿಸಿ, ತನ್ನದೇ ಆದ ಗ್ರಂಥಸಂಗ್ರಹವನ್ನು ಮಾಡಿಕೊಂಡನು. ಅದರಲ್ಲಿದ್ದುದು ಕತ್ತರಿಸಿದ ಲೂಕನ ಶುಭಸಂದೇಶ ಮತ್ತು ಪೌಲನ ಹತ್ತು ಪತ್ರಗಳು. ಪ್ರೇಷಿತರ ಕಾರ್ಯಕಲಾಪಗಳಿಗೆ ಅಲ್ಲಿ ಸ್ಥಳವಿರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಏಕೆಂದರೆ ಯೇಸುವನ್ನು ಎಬ್ಬಿಸಿದಾತನು ಅಬ್ರಹಾಮ, ಇಸಾಕ, ಯಕೋಬರ ದೇವರೇ ಎಂದು ಸಾರುವ ಗ್ರಂಥ ಅದು. ಸಂತ ಐರೇನಿಯಸರು ತಮ್ಮ ಮಹಾಕೃತಿಯ ಮೂರನೆಯ ಭಾಗದಲ್ಲಿ ಮಾರ್ಸಿಯೋನನಂಥವರ ವಿರುದ್ಧ ಪ್ರೇಷಿತರ ಈ ಭಾಷಣಗಳನ್ನೇ ಒಂದೊಂದಾಗಿ ಮುಂದಿಟ್ಟರು. ಹಳೆಯ ಒಡಂಬಡಿಕೆಯನ್ನು ಧರ್ಮಸಭೆಯ ಕೈತಪ್ಪದಂತೆ ಹಿಡಿದಿಟ್ಟ ಗ್ರಂಥವನ್ನೇ ನಾವು ಇಂದು ಹಳೆಯ ಒಡಂಬಡಿಕೆಯ ಸ್ಥಾನದಲ್ಲಿ ಓದುತ್ತಿದ್ದೇವೆ. ಅದನ್ನು ಇಡಿಯಾಗಿ ಓದಿದರೆ ಹಾನಿಯಿಲ್ಲ. ತುಂಡು ಮಾಡಿ ಓದಿದರೆ, ನಮಗೆ ತಿಳಿಯದಂತೆಯೇ ಮಾರ್ಸಿಯೋನನ ಪಕ್ಕಕ್ಕೆ ಸರಿಯುತ್ತೇವೆ.

ಇದರಿಂದ ಆಗುವ ನಷ್ಟ ಎರಡು ಬಗೆಯದು. ಮೊದಲನೆಯದು ಪುನರುತ್ಥಾನದ ಅರ್ಥಕ್ಕೇ ಸಂಬಂಧಿಸಿದ್ದು. ಕನ್ನಡದ ಕಿವಿಗೆ 'ಪುನರುತ್ಥಾನ'ದ ನೆರೆಯಲ್ಲಿಯೇ 'ಪುನರ್ಜನ್ಮ' ಇದೆ, ತುಸು ಆಚೆಗೆ 'ಮುಕ್ತಿ' ಇದೆ. ದೇಹವೆಂಬ ಬಟ್ಟೆಯನ್ನು ಕಳಚಿದ ಆತ್ಮದ ಬಿಡುಗಡೆಯನ್ನೇ ಪಾಸ್ಖವೆಂದು ತಿಳಿದ ವಿಶ್ವಾಸಿಗಳು ನಮ್ಮ ಧರ್ಮಕೇಂದ್ರಗಳಲ್ಲಿ ಕಡಿಮೆಯಿಲ್ಲ. ಅವರನ್ನು ದೂರಿ ಫಲವಿಲ್ಲ. ನಾವು ಆ ಪದಕ್ಕೆ ಅದರ ಹಿಂದಿನ ಭಾಷೆಯನ್ನು ಕೊಟ್ಟಿಲ್ಲ. ಒಣಗಿದ ಎಲುಬುಗಳ ಕಣಿವೆಯಲ್ಲಿ ಯೆಜೆಕಿಯೇಲನು ಕಂಡದ್ದು ಒಂದು ಜನಾಂಗ ಎದ್ದು ನಿಲ್ಲುವುದನ್ನು. ಧೂಳಿನಲ್ಲಿ ಮಲಗಿದವರು ಎಚ್ಚರಗೊಳ್ಳುವರೆಂದು ದಾನಿಯೇಲನ ಹನ್ನೆರಡನೆಯ ಅಧ್ಯಾಯ ಹೇಳುವುದು ಹಿಂಸೆಗೊಳಗಾದ ನೀತಿವಂತರ ಬಗ್ಗೆ. ಮಕ್ಕಬಿಯರ ಎರಡನೆಯ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಏಳು ಮಂದಿ ಸಹೋದರರು ಚಿತ್ರಹಿಂಸೆಯ ನಡುವೆ ನಿರೀಕ್ಷಿಸುವುದು ಕಳೆದುಕೊಂಡ ಕೈಕಾಲುಗಳನ್ನೇ ದೇವರು ಹಿಂದಿರುಗಿಸುವನೆಂದು. ಅನ್ಯಾಯದ ತೀರ್ಪನ್ನು ದೇವರು ತಿರುಗಿಸುತ್ತಾನೆ, ಕೊಲ್ಲಲ್ಪಟ್ಟವನ ದೇಹವನ್ನು ಆತನು ಮರೆಯುವುದಿಲ್ಲ ಎಂಬ ಈ ಮಾತು ಕಿವಿಯಲ್ಲಿರುವವನಿಗೆ, ನೀವು ಕೊಂದವರನ್ನು ದೇವರು ಎಬ್ಬಿಸಿದರು ಎಂಬ ಪೇತ್ರನ ಸಾರಿಕೆ ತಿಳಿಯುತ್ತದೆ.

ಎ ವರ್ಷದ ಮೂರನೆಯ ಭಾನುವಾರ ಇದನ್ನು ಕಲಿಸಲು ಹೇಳಿ ಮಾಡಿಸಿದ ದಿನ. ಮೊದಲ ವಾಚನದಲ್ಲಿ ಪೇತ್ರನು ೧೬ನೆಯ ಕೀರ್ತನೆಯನ್ನು ಉದ್ಧರಿಸಿ, ತನ್ನ ಭಕ್ತನನ್ನು ಕೊಳೆಯಲು ಬಿಡದ ದೇವರ ಬಗ್ಗೆ ವಾದಿಸುತ್ತಾನೆ. ಒಡನೆಯೇ ಅದೇ ಕೀರ್ತನೆಯನ್ನು ಸಭೆ ಹಾಡುತ್ತದೆ. ಶುಭಸಂದೇಶದಲ್ಲಿ ಎಮ್ಮಾವುಸಿನ ದಾರಿಯಲ್ಲಿ ಪುನರುತ್ಥಾನಗೊಂಡ ಪ್ರಭುವೇ ಮೋಶೆಯಿಂದ ಆರಂಭಿಸಿ ಎಲ್ಲ ಪ್ರವಾದಿಗಳನ್ನೂ ವಿವರಿಸುತ್ತಾರೆ. ನಾವು ಎಮ್ಮಾವುಸಿನ ಬಗ್ಗೆ ಮಾತನಾಡುವಾಗ ರೊಟ್ಟಿ ಮುರಿದ ಕ್ಷಣಕ್ಕೆ ಅವಸರದಿಂದ ಓಡುತ್ತೇವೆ. ಶಿಷ್ಯರ ಹೃದಯ ಕುದಿದದ್ದು ಅದಕ್ಕೂ ಮುಂಚೆ, ದಾರಿಯಲ್ಲಿ, ಹಳೆಯ ಒಡಂಬಡಿಕೆಯ ವಿವರಣೆಯನ್ನು ಕೇಳುವಾಗ. ಆ ದಿನವೂ ನಮ್ಮ ವಾಚನಪೀಠದಲ್ಲಿ ಮೋಶೆಯ ಒಂದು ಸಾಲೂ ಓದಲ್ಪಡುವುದಿಲ್ಲವೆಂಬುದನ್ನು ಸಭೆಗೆ ಮೆಲ್ಲನೆ ತೋರಿಸಿ, ಒಂದು ಭಾಗವನ್ನು ಪ್ರಬೋಧನೆಯಲ್ಲಿಯೇ ತೆರೆದಿಡಬಹುದು.

ಭಾರತದಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ೧೯೭೪ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮಬೋಧನಾ ಹಾಗೂ ಆರಾಧನಾವಿಧಿ ಕೇಂದ್ರದಲ್ಲಿ ಬೈಬಲೇತರ ಪವಿತ್ರ ಗ್ರಂಥಗಳ ಕುರಿತು ಸಂಶೋಧನಾ ಗೋಷ್ಠಿ ನಡೆಯಿತು. ನಮ್ಮ ನಾಡಿನ ಗ್ರಂಥಗಳಲ್ಲಿ ದೇವರ ಆತ್ಮದ ಸುಳಿವನ್ನು ಹುಡುಕುವ ಪ್ರಶ್ನೆ ಗೌರವಯುತವಾದದ್ದು; ಅದು ಮುಂದುವರಿಯಬೇಕು. ಆದರೆ ಆ ಗ್ರಂಥಗಳು ಹಳೆಯ ಒಡಂಬಡಿಕೆಯ ಜೊತೆಗೆ ಬರುವುದಕ್ಕೂ ಅದರ ಬದಲಿಗೆ ಬರುವುದಕ್ಕೂ ವ್ಯತ್ಯಾಸವಿದೆ. ವಚನಗಳೂ ಉಪನಿಷತ್ತುಗಳೂ ನಮಗೆ ಕಲಿಸುವುದು ಬಹಳ. ಪೇತ್ರನು ಅಂದು ಜೆರುಸಲೇಮಿನಲ್ಲಿ ಯಾವ ವಾಗ್ದಾನ ನೆರವೇರಿತೆಂದು ಸಾರಿದನೋ ಆ ವಾಗ್ದಾನ ಮಾತ್ರ ಇಸ್ರಯೇಲಿಗೆ ಕೊಟ್ಟದ್ದು.

ಎರಡನೆಯ ನಷ್ಟ ಪ್ರೀತಿಗೆ ಸಂಬಂಧಿಸಿದ್ದು. ನಮ್ಮ ಬಹುಪಾಲು ವಿಶ್ವಾಸಿಗಳು ತಮ್ಮ ಜೀವಮಾನದಲ್ಲಿ ಯೆಹೂದ್ಯರೊಬ್ಬರನ್ನೂ ಭೇಟಿಯಾಗುವುದಿಲ್ಲ. ಅವರ ಮಟ್ಟಿಗೆ 'ಯೆಹೂದ್ಯ' ಎಂಬುದು ಪವಿತ್ರ ವಾರದಲ್ಲೂ ಅದರ ನಂತರದ ವಾರಗಳಲ್ಲೂ ಕೇಳಿಬರುವ ಒಂದು ಪಾತ್ರದ ಹೆಸರು. ಎರಡನೆಯ ಭಾನುವಾರ ಮೂರೂ ವರ್ಷ ಓದುವ ಯೊವಾನ್ನ ೨೦:೧೯ರಲ್ಲಿ ಶಿಷ್ಯರು ಯೆಹೂದ್ಯರಿಗೆ ಹೆದರಿ ಬಾಗಿಲು ಹಾಕಿಕೊಂಡಿರುತ್ತಾರೆ. ಬಾಗಿಲಿನ ಒಳಗಿದ್ದವರೂ ಯೆಹೂದ್ಯರೇ, ನಡುವೆ ಬಂದು ನಿಂತು ಶಾಂತಿ ಹೇಳಿದವರೂ ಯೆಹೂದ್ಯರೇ ಎಂಬುದನ್ನು ಯಾರೂ ಹೇಳದಿದ್ದರೆ ಕೇಳುಗರಿಗೆ ಹೇಗೆ ತಿಳಿಯಬೇಕು? ಇಲ್ಲಿನ ಭಯ ಯೇಸುವಿನ ಸಾವಿಗೆ ಕಾರಣರಾದ ಅಧಿಕಾರಿಗಳ ಕುರಿತಾದದ್ದು ಎಂಬ ಒಂದು ವಾಕ್ಯ ಸಾಕು.

ಎರಡನೆಯ ವಾಟಿಕನ್ ಮಹಾಸಭೆಯು ೧೯೬೫ರ ಅಕ್ಟೋಬರ್ ೨೮ರಂದು ಹೊರಡಿಸಿದ 'ನೋಸ್ತ್ರ ಏತಾತೆ' ಘೋಷಣೆಯಲ್ಲಿ, ಯೇಸುವಿನ ಯಾತನೆಯ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಲಾಗದೆಂದು ಸ್ಪಷ್ಟಪಡಿಸಿತು. ಅದಕ್ಕೂ ನಾಲ್ಕು ಶತಮಾನ ಮುಂಚೆ, ೧೫೬೬ರ ರೋಮನ್ ಧರ್ಮೋಪದೇಶ ಗ್ರಂಥವು ಪಾಪದಲ್ಲಿ ಮತ್ತೆ ಮತ್ತೆ ಬೀಳುವ ಕ್ರೈಸ್ತರ ಅಪರಾಧವೇ ಹೆಚ್ಚಿನದೆಂದು ಹೇಳಿತ್ತು. ಅವರು ತಿಳಿಯದೆ ಮಾಡಿದರು, ನಾವು ತಿಳಿದೂ ಮಾಡುತ್ತೇವೆ ಎಂಬುದು ಅದರ ತರ್ಕ. ಬಿ ವರ್ಷದ ಮೂರನೆಯ ಭಾನುವಾರದ ವಾಚನದಲ್ಲಿ ಈ ತರ್ಕದ ಮೂಲವಿದೆ. ಜೀವದೊಡೆಯನನ್ನು ಕೊಂದಿರೆಂದು ಪೇತ್ರನು ಹೇಳಿದ ಮೇಲೆ, ೩:೧೭ರಲ್ಲಿ ಜನರನ್ನು ಸಹೋದರರೇ ಎಂದು ಕರೆದು, ನೀವೂ ನಿಮ್ಮ ಅಧಿಕಾರಿಗಳೂ ಅರಿಯದೆ ಮಾಡಿದಿರೆಂದು ಒಪ್ಪಿಕೊಳ್ಳುತ್ತಾನೆ. ವಾಚನಮಾಲೆ ಈ ವಚನವನ್ನು ಉಳಿಸಿಕೊಂಡಿದೆ. ಪ್ರಬೋಧನೆಗಳಲ್ಲಿ ಇದು ಕೇಳಿಬರುವುದು ಅಪರೂಪ. ಎರಡನೆಯ ವಾರದ ಸೋಮವಾರದ ವಾಚನದಲ್ಲಿ ವಿಶ್ವಾಸಿಗಳು ಪ್ರಾರ್ಥಿಸುವಾಗ ಯೇಸುವಿನ ವಿರುದ್ಧ ಕೂಡಿದವರ ಪಟ್ಟಿ ಕೊಡುತ್ತಾರೆ: ಹೆರೋದ, ಪೊಂತಿಯ ಪಿಲಾತ, ಅನ್ಯಜನರು, ಇಸ್ರಯೇಲರು. ಆ ಅನ್ಯಜನರ ಸಾಲಿಗೆ ಸೇರಿದವರು ನಾವು.

ಸ್ತೇಫನನ ಭಾಷಣವನ್ನು ಮರಳಿ ಓದಿದರೆ ಎಲ್ಲವೂ ಮೃದುವಾಗುತ್ತದೆಂದು ನಾವು ಹೇಳುತ್ತಿಲ್ಲ. ಅದರ ಕೊನೆ ಕಟುವಾಗಿಯೇ ಇದೆ. ಆದರೆ ಇಡೀ ಭಾಷಣವನ್ನು ಕೇಳಿದವರಿಗೆ ಒಂದು ಸೂಕ್ಷ್ಮ ತಿಳಿಯುತ್ತದೆ: ಆರಂಭದಿಂದ ಅವನು 'ನಮ್ಮ ಪೂರ್ವಜರು' ಎನ್ನುತ್ತಾ ಬಂದು, ೫೧ನೆಯ ವಚನದಲ್ಲಿ ಮಾತ್ರ 'ನಿಮ್ಮ ಪೂರ್ವಜರು' ಎನ್ನುತ್ತಾನೆ. ಇದು ಯೆಶಾಯ, ಯೆರೆಮೀಯರು ತಮ್ಮ ಮನೆಯವರನ್ನು ಗದರಿದ ಧಾಟಿ. ಮನೆಯ ಮಗ ತಾಯ್ತಂದೆಯರ ಎದುರು ಆಡಿದ ಮಾತನ್ನು ಬೀದಿಯವರು ಎತ್ತಿಕೊಂಡು ಆಡಿದರೆ ಅದರ ಅರ್ಥವೇ ಬೇರೆಯಾಗುತ್ತದೆ. ಪೌಲನ ವಿಷಯದಲ್ಲೂ ಅಷ್ಟೆ. ಧೂಳು ಝಾಡಿಸಿ ಹೊರಟವನು ಮುಂದಿನ ಊರಾದ ಇಕೋನಿಯಕ್ಕೆ ಬಂದು ಮೊದಲು ಕಾಲಿಟ್ಟದ್ದು ಪ್ರಾರ್ಥನಾಮಂದಿರಕ್ಕೆ. ೧೪ನೆಯ ಅಧ್ಯಾಯದ ಮೊದಲ ವಚನ ಇದನ್ನು ಹೇಳುತ್ತದೆ, ವಾಚನ ಅದಕ್ಕೆ ಮುಂಚೆಯೇ ಮುಗಿದಿರುತ್ತದೆ. ಅನ್ಯಜನರ ಕಡೆಗೆ ತಿರುಗಲು ಅವನಿಗೆ ಆಜ್ಞೆ ದೊರೆತದ್ದೂ ಯೆಶಾಯನ ೪೯ನೆಯ ಅಧ್ಯಾಯದಿಂದ. ಕನ್ನಡ ನಾಡಿನ ನಮ್ಮವರೆಗೆ ಶುಭಸಂದೇಶ ಬಂದದ್ದು ಇಸ್ರಯೇಲಿನ ಗ್ರಂಥದ ಅಪ್ಪಣೆಯಿಂದಲೇ.

ಆಂಗ್ಲಿಕನ್ ಸಭೆಯ 'ಕಾಮನ್ ವರ್ಶಿಪ್' ಈ ಕೊರತೆಗೆ ತನ್ನದೇ ಪರಿಹಾರ ಕಂಡುಕೊಂಡಿದೆ: ಪಾಸ್ಖದ ಭಾನುವಾರಗಳಿಗೆ ಹಳೆಯ ಒಡಂಬಡಿಕೆಯ ಭಾಗಗಳನ್ನೂ ಗೊತ್ತುಪಡಿಸಿ, ಅವನ್ನು ಓದಿದರೆ ಪ್ರೇಷಿತರ ಕಾರ್ಯಕಲಾಪಗಳನ್ನು ಎರಡನೆಯ ವಾಚನವಾಗಿ ಓದಬೇಕೆಂದು ನಿಯಮಿಸಿದೆ. ಕಥೋಲಿಕ ಗುರುಗಳಿಗೆ ಆ ಸ್ವಾತಂತ್ರ್ಯವಿಲ್ಲ. ನಮಗಿರುವುದು ಪ್ರಬೋಧನೆ, ಕೀರ್ತನೆ, ವಾಚನಕ್ಕೆ ಮುಂಚಿನ ಚಿಕ್ಕ ಪೀಠಿಕೆ. ಪೌಲನ ಪ್ರಬೋಧನೆಯನ್ನು ಐದು ವಾಕ್ಯಗಳಲ್ಲಿ ಹೇಳಬಹುದು, ಸ್ತೇಫನನದನ್ನು ಏಳರಲ್ಲಿ. ಗುರುಮಠದ ವಿದ್ಯಾರ್ಥಿಗಳು ಈ ಸಂಕ್ಷೇಪಗಳನ್ನು ಬರೆದು ಅಭ್ಯಾಸ ಮಾಡುವುದು ಒಳ್ಳೆಯ ಪಾಠವಾದೀತು. ಕೀರ್ತನೆಯ ಬದಲು ಭಕ್ತಿಗೀತೆ ಹಾಡುವುದನ್ನು ಕನಿಷ್ಠ ಈ ಏಳು ವಾರಗಳಾದರೂ ನಿಲ್ಲಿಸಬೇಕು.

ಐವತ್ತು ಎಂಬ ಎಣಿಕೆಯೂ ನಮ್ಮದಲ್ಲ. ಯಾಜಕಕಾಂಡದ ೨೩ನೆಯ ಅಧ್ಯಾಯದಲ್ಲಿ, ಮೊದಲ ಸಿವುಡನ್ನು ಅರ್ಪಿಸಿದ ದಿನದಿಂದ ಏಳು ವಾರಗಳನ್ನು ಎಣಿಸಿ ಐವತ್ತನೆಯ ದಿನ ಹೊಸ ಧಾನ್ಯವನ್ನು ತರಬೇಕೆಂಬ ವಿಧಿ ಇದೆ. ಆ ಎಣಿಕೆಯ ಕೊನೆಯಲ್ಲಿ ನಿಂತ ಧ್ವನಿ ಮತ್ತೆ ಕೇಳುತ್ತದೆ. ಪಂಚಾಶತ್ತಮದ ಜಾಗರಣೆಗೆ ವಾಚನಮಾಲೆಯು ಹಳೆಯ ಒಡಂಬಡಿಕೆಯ ನಾಲ್ಕು ಭಾಗಗಳನ್ನು ಕೊಟ್ಟಿದೆ: ಬಾಬೆಲಿನ ಗೋಪುರ, ಸೀನಾಯಿ ಬೆಟ್ಟದ ಮೇಲೆ ಇಳಿದ ಬೆಂಕಿ, ಎಲುಬುಗಳ ಕಣಿವೆ, ಯೋವೇಲನು ಕಂಡ ಆತ್ಮಸುರಿಮಳೆ. ೨೦೦೨ರ ರೋಮನ್ ಪೂಜಾಗ್ರಂಥದಲ್ಲಿ ಈ ನಾಲ್ಕನ್ನೂ ಕೀರ್ತನೆ, ಪ್ರಾರ್ಥನೆಗಳ ಸಹಿತ ಓದುವ ವಿಸ್ತೃತ ಕ್ರಮವೂ ಇದೆ. ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಶನಿವಾರ ಸಂಜೆ ಭಾನುವಾರದ ವಾಚನಗಳನ್ನೇ ಓದಿ ಮುಗಿಸುವುದರಿಂದ ಈ ಕ್ರಮ ಪುಸ್ತಕದಲ್ಲಿಯೇ ಉಳಿದಿದೆ. ಮುಂದಿನ ಪಂಚಾಶತ್ತಮಕ್ಕೆ ನಾಲ್ವರು ವಾಚಕರನ್ನು ಈಗಲೇ ಗೊತ್ತುಮಾಡಿ, ಒಬ್ಬೊಬ್ಬರಿಗೆ ಒಂದೊಂದು ಭಾಗವನ್ನು ಒಪ್ಪಿಸಬಹುದು.